ಚಳಿಗಾಲದ ಹಣ್ಣಿನ ಕೇಕ್: ಬೆಣ್ಣೆ ಮೆತ್ತಗಾಗುವವರೆಗೆ ಕಾಯಿರಿ

ರಜೆಯ ದಿನಗಳಿಗೆಂದು ಮನೆಯಲ್ಲಿ ಹಣ್ಣಿನ ಕೇಕ್ ಮಾಡಹೊರಟವರು ಸಾಮಾನ್ಯವಾಗಿ ಅಂಜುವುದು ಓವನ್ನಿಗೆ. ಆದರೆ ಚಳಿಗಾಲದಲ್ಲಿ ಈ ಕೇಕ್ ಕೆಡುವುದು ಹೆಚ್ಚಾಗಿ ಓವನ್ ಸೇರುವ ಮೊದಲೇ. ಥಂಡಿಗೆ ಕಲ್ಲಾದ ಬೆಣ್ಣೆಯನ್ನೂ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೊಟ್ಟೆಯನ್ನೂ ಅವಸರದಲ್ಲಿ ಕಲಸುವುದರಿಂದ.

ಕೆಲಸ ಹಿಂದಿನ ದಿನವೇ ಆರಂಭವಾಗಬೇಕು. ಒಣದ್ರಾಕ್ಷಿ, ಕಪ್ಪು ಒಣದ್ರಾಕ್ಷಿ, ಬೀಜ ತೆಗೆದ ಖರ್ಜೂರ, ಒಣ ಅಂಜೂರ ಎಲ್ಲ ಸೇರಿ 500 ಗ್ರಾಂ ಇರಲಿ. ದೊಡ್ಡ ಹಣ್ಣುಗಳನ್ನು ಒಣದ್ರಾಕ್ಷಿಯ ಗಾತ್ರಕ್ಕೆ ಹೆಚ್ಚಿಕೊಂಡು, ಬಿಸಿ ಮಾಡಿದ 200 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಮುಳುಗಿಸಿ, ಆರಿದ ಮೇಲೆ ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ನೆನೆಯದ ಹಣ್ಣು ಹಿಟ್ಟಿನ ತೇವವನ್ನೇ ಹೀರಿಕೊಂಡು ಕೇಕನ್ನು ಒರಟಾಗಿಸುತ್ತದೆ. ರಮ್ ಅಥವಾ ಬ್ರಾಂದಿಯಲ್ಲಿ ನೆನೆಹಾಕುವವರು ವಾರಗಟ್ಟಲೆ ಇಡಬಹುದು. ಹಣ್ಣಿನ ರಸಕ್ಕೆ ಆ ಬಾಳಿಕೆಯಿಲ್ಲ, ಎರಡು ಮೂರು ದಿನಗಳೊಳಗೆ ಬಳಸಬೇಕು.

ಕೇಕಿಗೆ ಕಡುಬಣ್ಣವನ್ನೂ ತುಸು ಕಹಿ ಬೆರೆತ ಸಿಹಿಯನ್ನೂ ಕೊಡುವುದು ಸುಟ್ಟ ಸಕ್ಕರೆಯ ಪಾಕ. ದಪ್ಪ ತಳದ ಪಾತ್ರೆಯಲ್ಲಿ 75 ಗ್ರಾಂ ಸಕ್ಕರೆಗೆ ಒಂದು ಚಮಚ ನೀರು ಸೇರಿಸಿ ಮಧ್ಯಮ ಉರಿಯಲ್ಲಿಡಿ, ಸೌಟು ಹಾಕಿ ಕಲಕಬೇಡಿ. ಕಲಕಿದರೆ ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ಬೇಕಿದ್ದರೆ ಪಾತ್ರೆಯನ್ನೇ ಹಿಡಿದು ತಿರುಗಿಸಿ. ಸುಮಾರು 170 ಡಿಗ್ರಿ ಸೆಲ್ಸಿಯಸ್‌ ಹೊತ್ತಿಗೆ ಜೇನಿನ ಬಣ್ಣ ಬರುತ್ತದೆ, ಅಲ್ಲಿಂದ ಕಡು ಚಹಾದ ಬಣ್ಣಕ್ಕೆ ಬರಲು ಹೆಚ್ಚು ಹೊತ್ತು ಬೇಡ, ಅದನ್ನೂ ದಾಟಿದರೆ ಬರೀ ಕಹಿ. ಆದ್ದರಿಂದ ಈ ಹೊತ್ತಿನಲ್ಲಿ ಫೋನ್ ಬಂದರೂ ಒಲೆಯ ಮುಂದಿನಿಂದ ಕದಲಬಾರದು. ಉರಿ ಆರಿಸಿ, 75 ಮಿಲಿಲೀಟರ್ ಬಿಸಿನೀರನ್ನು ಮುಖ ದೂರವಿಟ್ಟು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಪಾಕ ಜೋರಾಗಿ ಸಿಡಿಯುತ್ತದೆ. ಗಂಟು ಕಟ್ಟಿದರೆ ಮತ್ತೆ ಸಣ್ಣ ಉರಿಯಲ್ಲಿಟ್ಟರೆ ಕರಗುತ್ತದೆ. ಪಾಕ ಪೂರ್ತಿ ಆರಬೇಕು.

ಈಗ ಬೆಣ್ಣೆಯ ಮಾತು. 200 ಗ್ರಾಂ ಬೆಣ್ಣೆ ಸುಮಾರು 20 ಡಿಗ್ರಿಯಲ್ಲಿರಬೇಕು; ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಜಿಡ್ಡು ಒಸರಬಾರದು. ಚಳಿಯಲ್ಲಿ ಇದಕ್ಕೆ ಹಲವು ಗಂಟೆ ಹಿಡಿಯಬಹುದು, ಹಾಗೆಂದು ಕರಗಿಸಿಬಿಡುವುದು ಪರಿಹಾರವಲ್ಲ. ಸಕ್ಕರೆಯ ಹರಳುಗಳು ಮೆತ್ತನೆಯ ಬೆಣ್ಣೆಯೊಳಗೆ ಗಾಳಿಯ ಸಣ್ಣ ಗುಳ್ಳೆಗಳನ್ನು ಸೇರಿಸುವುದರಿಂದ ಕೇಕ್ ಹಗುರಾಗುತ್ತದೆ, ಕರಗಿದ ಬೆಣ್ಣೆಯಲ್ಲಿ ಆ ಗಾಳಿ ನಿಲ್ಲುವುದಿಲ್ಲ. ಸಣ್ಣ ತುಂಡುಗಳಾಗಿ ಕತ್ತರಿಸಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟರೆ ಬೇಗ ಮೆತ್ತಗಾಗುತ್ತದೆ. ನಂತರ 150 ಗ್ರಾಂ ಕಂದು ಸಕ್ಕರೆ ಸೇರಿಸಿ, ಬಣ್ಣ ತಿಳಿಯಾಗುವವರೆಗೆ ಚೆನ್ನಾಗಿ ನೊರೆಯುಬ್ಬಿಸಿ.

ನಾಲ್ಕು ಮೊಟ್ಟೆಗಳನ್ನು ಸಿಪ್ಪೆ ಸಮೇತ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಆಮೇಲೆ ಒಂದೊಂದಾಗಿ ಒಡೆದು ಸೇರಿಸಿ. ತಣ್ಣನೆಯ ಮೊಟ್ಟೆ ತಗುಲಿದರೆ ಬೆಣ್ಣೆ ಗಟ್ಟಿಯಾಗಿ, ಮಿಶ್ರಣ ಒಡೆದ ಹಾಲಿನಂತೆ ಬೇರ್ಪಡುತ್ತದೆ. ಹಾಗಾದರೂ ಎಸೆಯಬೇಕಿಲ್ಲ: ಬಟ್ಟಲನ್ನು ಬಿಸಿನೀರಿನ ಮೇಲೆ ಕ್ಷಣಕಾಲ ಹಿಡಿದು, ಒಂದು ಚಮಚ ಮೈದಾ ಹಾಕಿ ಕಲಸಿದರೆ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ.

ಪಾಕವನ್ನು ಬೆರೆಸಿ. 240 ಗ್ರಾಂ ಮೈದಾಗೆ ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿಯ ಪುಡಿಗಳನ್ನು ಹಾಕಿ ಜರಡಿ ಹಿಡಿದು ಸೇರಿಸಿ. ಇಲ್ಲಿಂದ ಮುಂದೆ ಬೀಟರ್ ಬೇಡ. ಹೆಚ್ಚು ಕಲಸಿದರೆ ಮೈದಾದ ಅಂಟು ಬಲಿತು ಕೇಕ್ ಗಡುಸಾಗುತ್ತದೆ. ಹಣ್ಣನ್ನು ಸೋಸಿ, ಒಂದು ಹಿಡಿ ಅಕ್ರೂಟ್ ಚೂರಿನೊಂದಿಗೆ ಕೊನೆಗೆ ಮಗುಚಿ. ಹಣ್ಣು ತಳ ಸೇರದಿರಲೆಂದು ಅದಕ್ಕೆ ಮೈದಾ ಹೊರಳಿಸುವ ರೂಢಿಯಿದೆ, ಅದರಿಂದ ತೊಂದರೆಯೇನೂ ಇಲ್ಲ. ಆದರೆ ನನ್ನ ಲೆಕ್ಕದಲ್ಲಿ ಹಣ್ಣನ್ನು ತಡೆದು ನಿಲ್ಲಿಸುವುದು ಹಿಟ್ಟಿನ ಗಟ್ಟಿತನ ಮತ್ತು ಚೂರುಗಳ ಸಣ್ಣ ಗಾತ್ರ.

ಎಂಟು ಇಂಚಿನ, ಎತ್ತರದ ಅಂಚಿರುವ ದುಂಡು ಟಿನ್ನಿಗೆ ಬಟರ್ ಪೇಪರನ್ನು ಎರಡು ಪದರವಾಗಿ ಹಾಸಿ ಹಿಟ್ಟು ಸುರಿಯಿರಿ. ಹಣ್ಣಿನ ಸಕ್ಕರೆ ಬೇಗ ಕಂದುವುದರಿಂದ ಶಾಖ ಕಡಿಮೆಯಿರಬೇಕು: ಮೊದಲೇ ಕಾಯಿಸಿದ ಓವನ್ನಿನಲ್ಲಿ 150 ಡಿಗ್ರಿ, ಫ್ಯಾನ್ ಇದ್ದರೆ 20 ಡಿಗ್ರಿ ಕಡಿಮೆ. ಒಂದು ಗಂಟೆಯ ಮೇಲೆ ಫಾಯಿಲ್ ಹೊದಿಸಿ. ಒಂದೂವರೆ ಗಂಟೆಯ ನಂತರ ನಡುವೆ ಕಡ್ಡಿ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟಿದರೆ ಇನ್ನೂ ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಕಡ್ಡಿ ದ್ರಾಕ್ಷಿಗೆ ತಾಗಿಯೂ ಅಂಟಾಗಬಹುದು, ಆದ್ದರಿಂದ ಎರಡು ಕಡೆ ಚುಚ್ಚುವುದು ಲೇಸು.

ಟಿನ್ನಿನಲ್ಲೇ ಪೂರ್ತಿ ಆರಿಸಿ, ಬಟರ್ ಪೇಪರ್ ಮತ್ತು ಫಾಯಿಲ್‌ನಲ್ಲಿ ಸುತ್ತಿ ಎರಡು ದಿನ ಮುಟ್ಟದೆ ಇಡಿ. ಅಷ್ಟರಲ್ಲಿ ಹಣ್ಣಿನ ತೇವ ಕೇಕಿನೊಳಗೆ ಹರಡಿ, ಮಸಾಲೆಯ ತೀಕ್ಷ್ಣತೆ ತಗ್ಗಿರುತ್ತದೆ. ಮೊದಲ ದಿನ ಚಾಕು ತಗುಲಿದರೆ ಉದುರುತ್ತಿದ್ದ ಹೋಳು ಮೂರನೆಯ ದಿನ ಅಂಚು ಕೆಡದೆ ಬರುತ್ತದೆ.