ಜಾತ್ರೆಗೆ ಲೇಸರ್ ಹಾಕುವವರಿಗೆ

ಕಾಸರಗೋಡಿನ ಉಪ್ಪಳದಲ್ಲಿ ನಾನು ಲೈಟ್ ಬಾಡಿಗೆಗೆ ಕೊಡುವವನು. ಜಾತ್ರೆ, ಬಯಲಾಟ, ಮದುವೆ, ಈಗ ಎಲ್ಲದಕ್ಕೂ ಶಾರ್ಪಿ (ತಲೆ ತಿರುಗಿಸುತ್ತಾ ಚೂಪಾದ ಕಿರಣ ಬಿಡುವ ಲೈಟ್) ಬೇಕು, ಲೇಸರ್ ಬೇಕು. ಕಮಿಟಿಯವರು ಕೇಳುವುದು "ಎಷ್ಟು ದೂರ ಕಾಣ್ತದೆ?" ಅಂತ. ನಾನು ನೋಡುವುದು ಅದು ಎಲ್ಲಿ ನಿಲ್ತದೆ ಅಂತ. ಎಲ್ಲೂ ನಿಲ್ಲದೆ ಮೇಲೆ ಹೋದರೆ ವಿಮಾನದ ಪೈಲಟ್‌ನ ಕಣ್ಣಿಗೆ ಬಿದ್ದೀತು.

ಕಿರಣ ಬಂದು ಬೀಳುವ ಜಾಗ ಮೊದಲು ಹುಡುಕಿ. ಗೋಡೆ, ಗುಡ್ಡ, ದಪ್ಪ ಪರದೆ ಆದೀತು. ತೆಂಗಿನ ಮರ ಲೆಕ್ಕಕ್ಕಿಲ್ಲ, ಗರಿಗಳ ಸಂದಿಯಿಂದ ಅರ್ಧ ಬೆಳಕು ಮೇಲೆ ಹೋಗಿಯೇ ಹೋಗುತ್ತದೆ. ಆಮೇಲೆ ಡಿಎಂಎಕ್ಸ್ ಬೋರ್ಡಿನಲ್ಲಿ, ಅಂದರೆ ಲೈಟ್‌ಗಳನ್ನು ಆಡಿಸುವ ಬೋರ್ಡಿನಲ್ಲಿ, ಟಿಲ್ಟ್‌ಗೆ (ಲೈಟ್ ತಲೆ ಮೇಲೆ ಕೆಳಗೆ ಆಡುವುದಕ್ಕೆ) ಲಿಮಿಟ್ ಹಾಕಿ. ಸದ್ದಿಗೆ ತಕ್ಕಂತೆ ಲೈಟ್ ತಾನಾಗಿ ಕುಣಿಯುವ ಸೌಂಡ್ ಮೋಡ್ ಮಾತ್ರ ಬೇಡವೇ ಬೇಡ. ಚೆಂಡೆಯ ಒಂದು ಪೆಟ್ಟಿಗೆ ಲೈಟ್ ತಲೆ ಎತ್ತಿಬಿಡುತ್ತದೆ.

ಸಂತೆಯಲ್ಲಿ ಸಿಗುವ ಹಸಿರು ಪಾಯಿಂಟರ್ ಇನ್ನೂ ತಲೆನೋವು. 5 ಮಿಲಿವ್ಯಾಟ್‌ನದ್ದಾದರೂ ಸಾಕು. ಅಂಗೈ ಮೇಲೆ ಎಳ್ಳಿನಷ್ಟು ಚುಕ್ಕಿ, ಒಂದು ಕಿಲೋಮೀಟರ್ ದಾಟುವಾಗ ಸುಮಾರು ಒಂದು ಮೀಟರ್ ಅಗಲ. ಕಾಕ್‌ಪಿಟ್ ಗಾಜಿಗೆ ಬಿದ್ದರೆ ಗಾಜೆಲ್ಲ ಹಸಿರು. 350 ಮೀಟರ್‌ವರೆಗೆ ಕಣ್ಣು ಕೋರೈಸುತ್ತದೆ, ಮೂರೂವರೆ ಕಿಲೋಮೀಟರ್ ದೂರದಲ್ಲೂ ಪೈಲಟ್‌ನ ಗಮನ ಕೆಡಿಸುತ್ತದೆ. ಮಂಗಳೂರು ವಿಮಾನ ನಿಲ್ದಾಣದ್ದು ಗುಡ್ಡದ ತುದಿಯ ಟೇಬಲ್‌ಟಾಪ್ ರನ್‌ವೇ. 2010ರ ಮೇ 22ರಂದು ಅಲ್ಲಿ ಇಳಿಯುವಾಗ ವಿಮಾನ ದುರಂತವಾಗಿ 158 ಜನ ಹೋದರು. ಅದಕ್ಕೂ ಲೇಸರ್‌ಗೂ ಸಂಬಂಧ ಇಲ್ಲ. ಆದರೆ ಇಳಿಯುವ ಹೊತ್ತು ಎಂಥದ್ದು ಅಂತ ಕಾಸರಗೋಡಿನವರಿಗೆ ನಾನು ಹೇಳಬೇಕಾ?

ಇನ್ನು ಕಾನೂನು. ವಿಮಾನ ನಿಲ್ದಾಣದ ಸುತ್ತ ಲೇಸರ್ ಬಿಡಬಾರದು ಅಂತ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163ನೇ ಸೆಕ್ಷನ್‌ನಲ್ಲಿ, ಅಂದರೆ ಹಿಂದಿನ 144ರಲ್ಲಿ, ಆದೇಶ ಹೊರಡಿಸಬಹುದು. ಮುಂಬಯಿ ಪೊಲೀಸರು ಹೊರಡಿಸಿದ್ದಾರೆ ಕೂಡ. ಇಂಥ ಆದೇಶಕ್ಕೆ ಸಾಮಾನ್ಯವಾಗಿ ಎರಡು ತಿಂಗಳ ಆಯುಷ್ಯ. ಹಾಗಾಗಿ ಕಳೆದ ವರ್ಷ ಕೇಳಿದ್ದೇವಲ್ಲ ಅಂತ ಸುಮ್ನೆ ಕೂರಬೇಡಿ. ಆದೇಶ ಇದ್ದೂ ಮೀರಿ ಜೀವಕ್ಕೆ ಅಪಾಯ ತಂದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 223ರಲ್ಲಿ ಒಂದು ವರ್ಷದವರೆಗೆ ಜೈಲು. ಆದೇಶ ಇಲ್ಲದಿದ್ದರೂ ಅದೇ ಬಿಎನ್‌ಎಸ್‌ನ 125 ಉಂಟು: ಅಜಾಗರೂಕತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನನ್ನ ಕೇಳಿದರೆ ಇದು ಕಡಿಮೆಯೇ. ಅಮೆರಿಕದಲ್ಲಿ 2012ರ ಕಾನೂನಿನಂತೆ ಐದು ವರ್ಷದವರೆಗೆ ಜೈಲು. ವಿಮಾನಕ್ಕೆ ಏನೂ ಆಗಬೇಕೆಂದಿಲ್ಲ, ಗೊತ್ತಿದ್ದೂ ಗುರಿ ಇಟ್ಟರೆ ಅಷ್ಟೇ ಸಾಕು. ಬ್ರಿಟನ್‌ನವರು 2018ರಲ್ಲಿ ಅದೇ ಐದು ವರ್ಷ ಮಾಡಿದರು.

"ರಾತ್ರಿ ಯಾರಿಗೆ ಗೊತ್ತಾಗ್ತದೆ?" ಅಂತ ಹುಡುಗರು ಹೇಳುವುದುಂಟು. ಮಾರಾಯ್ರೇ, ಹಸಿರು ಗೆರೆಯ ಬುಡ ಎಲ್ಲಿ ಅಂತ ಪೈಲಟ್‌ಗೆ ಮೇಲಿನಿಂದ ಕಾಣುತ್ತದೆ. ಅವನು ಟವರ್‌ಗೆ ಹೇಳಿದರೆ ಆಯಿತು, ಅವರು ಪೊಲೀಸರಿಗೆ ತಿಳಿಸುತ್ತಾರೆ.

ಮೈಕ್ ಪರ್ಮಿಶನ್‌ಗೆ ಸ್ಟೇಷನ್‌ಗೆ ಹೋದಾಗ ಲೇಸರ್ ವಿಷಯವನ್ನೂ ಅರ್ಜಿಯಲ್ಲಿ ಬರೆಯಿರಿ. ಉತ್ತರ ಮಲಯಾಳದಲ್ಲಿ ಬಂದರೆ ಗೊತ್ತಿದ್ದವರಿಂದ ಪೂರ್ತಿ ಓದಿಸಿ. ಬೋರ್ಡ್ ಮುಂದೆ ಒಬ್ಬನೇ ಇರಲಿ. ಅವನು ಊಟಕ್ಕೆ ಏಳುವಾಗ ಲೇಸರ್‌ನ ಕೀ ತೆಗೆದು ಕಿಸೆಗೆ ಹಾಕಿಕೊಳ್ಳಲಿ.