ಏಜೆಂಟರಿಲ್ಲದೆ ಕಲಬುರಗಿಯಿಂದಲೇ ಮಗಳ ವೀಸಾ: ನನ್ನ ಅನುಭವ

ನನ್ನ ಮಗಳ ಮದುವೆ 2022ರ ಜೂನ್‌ನಲ್ಲಿ ಕಲಬುರಗಿಯಲ್ಲಿಯೇ ನಡೆಯಿತು. ಅಳಿಯ ಅಮೆರಿಕದ ಪ್ರಜೆ. ಬೀಗರಿಂದ ಹಿಡಿದು ಓಣಿಯವರವರೆಗೆ ಎಲ್ಲರದೂ ಒಂದೇ ಸಲಹೆ: "ವಿಸಿಟರ್ ವೀಸಾದ ಮ್ಯಾಲ ಕಳಸ್ರಿ, ಗ್ರೀನ್ ಕಾರ್ಡ್ ಅಲ್ಲೇ ಆಗ್ತದ." ಕಂದಾಯ ಇಲಾಖೆಯ ಕಡತಗಳ ನಡುವೆಯೇ ನಿವೃತ್ತನಾದ ನನಗೆ ಅದು ಒಪ್ಪಿಗೆಯಾಗಲಿಲ್ಲ. ಪ್ರವಾಸಿ ವೀಸಾ ಹತ್ತು ವರ್ಷದ್ದಾದರೂ ಅಲ್ಲಿ ಇರಬಹುದಾದ ಅವಧಿಯನ್ನು ನಿರ್ಧರಿಸುವುದು ಪ್ರವೇಶದ ವೇಳೆ ಕೊಡುವ ಐ-94 ದಾಖಲೆಯಲ್ಲಿನ ದಿನಾಂಕ. ಅದು ಸಾಮಾನ್ಯವಾಗಿ ಆರು ತಿಂಗಳು. ಪ್ರಜೆಯ ಪತ್ನಿ ಅವಧಿ ಮೀರಿ ಉಳಿದರೂ ಅಲ್ಲಿಯೇ ಅರ್ಜಿ ಹಾಕಲು ಕಾನೂನು ಅವಕಾಶ ಕೊಡುತ್ತದೆ ಎಂಬುದು ನಿಜ. ಆದರೆ ನೆಲೆಸುವ ಉದ್ದೇಶವನ್ನು ಮುಚ್ಚಿಟ್ಟು ಒಳಹೊಕ್ಕರೆಂದು ತೀರ್ಮಾನವಾದರೆ ಸುಳ್ಳು ಹೇಳಿಕೆಯ ಕಳಂಕ ಜೀವನಪರ್ಯಂತ ಅಡ್ಡಬರುತ್ತದೆ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಊರಿಗೆ ಮರಳಿದರೆ ಮೂರು ವರ್ಷ, ಒಂದು ವರ್ಷ ದಾಟಿದ್ದರೆ ಹತ್ತು ವರ್ಷ ಮರುಪ್ರವೇಶವಿಲ್ಲ.

ಆದ್ದರಿಂದ ಅಳಿಯನಿಂದ ಪತ್ನಿಯ ಪರವಾಗಿ ಐ-130 ಎಂಬ ವಲಸೆ ಅರ್ಜಿ ಹಾಕಿಸಿ, ಮಗಳನ್ನು ಇಲ್ಲಿಯೇ ಇರಿಸಿಕೊಂಡು ಮುಂಬೈ ದೂತಾವಾಸದ ಮೂಲಕ ವಲಸೆ ವೀಸಾ ಪಡೆಯುವ ಮಾರ್ಗ ಹಿಡಿದೆ. ನಡುವೆ ಬೀಗರ ಒತ್ತಾಯಕ್ಕೆ ಪ್ರವಾಸಿ ವೀಸಾವನ್ನೂ ಪರೀಕ್ಷಿಸಿ ನೋಡಿದೆವು. ವಲಸೆ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ಪ್ರವಾಸಿ ವೀಸಾದ ಅರ್ಜಿ ನಮೂನೆ ಡಿಎಸ್-160 ನೇರವಾಗಿಯೇ ಕೇಳುತ್ತದೆ. 'ಹೌದು' ಎಂದೇ ಬರೆಸಿದೆ. ಎರಡು ನಿಮಿಷದ ಮಾತಿನಲ್ಲಿ ವಲಸೆಯ ಉದ್ದೇಶವಿದೆಯೆಂದು ಭಾವಿಸುವ 214(ಬಿ) ಕಲಮಿನಡಿ ನಿರಾಕರಣೆಯಾಯಿತು, 160 ಡಾಲರ್ ಹೋಯಿತು. ಹಣ ಹೋದದ್ದಕ್ಕಿಂತ ಬೀಗರು ಸುಮ್ಮನಾದದ್ದೇ ಲಾಭವೆಂದು ಈಗಲೂ ಭಾವಿಸುತ್ತೇನೆ. ಈ ನಿರಾಕರಣೆಯನ್ನು ಮುಂದೆ ವಲಸೆ ವೀಸಾದ ಅರ್ಜಿ ನಮೂನೆಯಾದ ಡಿಎಸ್-260ರಲ್ಲಿ ಮರೆಯದೆ ತೋರಿಸಬೇಕು.

ನಿಜವಾಗಿ ಕಾಡಿದ್ದು ಜನನ ಪ್ರಮಾಣಪತ್ರ. ಹಳೆಯ ದಾಖಲೆಯಲ್ಲಿ ನಮ್ಮ ಹೆಸರುಗಳಿದ್ದವು, ಮಗುವಿನ ಹೆಸರಿನ ಜಾಗ ಖಾಲಿ, ಮುಂದೆ 'ಹೆಣ್ಣು' ಎಂದಷ್ಟೇ. ಸಲ್ಲಿಸಿದ ಪ್ರತಿ ಕೆಲವೇ ವಾರಗಳಲ್ಲಿ ವಾಪಸ್ ಬಂತು. ಹೆಸರು ಸೇರಿಸಿಕೊಡಲು ಕಚೇರಿಯೊಂದರಲ್ಲಿ ತಿಂಗಳುಗಟ್ಟಲೆ ಸತಾಯಿಸಿದರು. ಲಿಖಿತ ಅರ್ಜಿ, ಸ್ವೀಕೃತಿ, ಜ್ಞಾಪನಪತ್ರ ಎಂಬ ನಮ್ಮ ಹಳೆಯ ಕ್ರಮದಲ್ಲಿಯೇ ಬೆನ್ನುಹತ್ತಿ ಮಾಡಿಸಿದೆ. ಹೊಸ ಪತ್ರದಲ್ಲಿ ಊರು 'ಕಲಬುರಗಿ', ಪಾಸ್‌ಪೋರ್ಟಿನಲ್ಲಿ 'ಗುಲ್ಬರ್ಗಾ'. 2014ರ ನವೆಂಬರ್ 1ರಿಂದ ಹೆಸರು ಬದಲಾಗಿದೆಯೆಂಬ ಅಧಿಸೂಚನೆಯ ಪ್ರತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ತಂದೆತಾಯಿಯರ ಅಫಿಡವಿಟ್ ಒಟ್ಟಿಗೆ ಲಗತ್ತಿಸಿದ ಮೇಲೆ ಆಕ್ಷೇಪಣೆ ಬರಲಿಲ್ಲ. ದಾಂಪತ್ಯದ ಪುರಾವೆಗಳನ್ನು ಯಾವ ಅನುಕ್ರಮದಲ್ಲಿ ಜೋಡಿಸಿದೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮದುವೆ ಆಲ್ಬಮನ್ನೇ ಇಡಿಯಾಗಿ ಕಳುಹಿಸುವವರು ಅಧಿಕಾರಿಯ ತಾಳ್ಮೆ ಕೆಡಿಸುತ್ತಾರೆಂದಷ್ಟೇ ಹೇಳಬಲ್ಲೆ.

ಖರ್ಚಿನ ವಿಷಯ. ಏಜೆಂಟರು ಶುಲ್ಕಗಳ ಮೇಲೆ ಎರಡು ಲಕ್ಷ ಕೇಳಿದ್ದರು. ನಮಗೆ ಐ-130ಕ್ಕೆ ಆಗಿನ ದರದಂತೆ 535 ಡಾಲರ್ (ಈಗ ಹೆಚ್ಚಾಗಿದೆ), ವೀಸಾ ಅರ್ಜಿಗೆ 325, ಅಳಿಯನ ಆರ್ಥಿಕ ಜವಾಬ್ದಾರಿಯ ಐ-864ಕ್ಕೆ 120, ಕೊನೆಗೆ ಗ್ರೀನ್ ಕಾರ್ಡ್ ಶುಲ್ಕ 235. ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಪತ್ರ), ಅನುವಾದ, ಮುಂಬೈಯ ವೈದ್ಯಕೀಯ ಪರೀಕ್ಷೆ, ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟು, ಲಾಡ್ಜ್ ಸೇರಿ ಒಟ್ಟು ಒಂದೂವರೆ ಲಕ್ಷದ ಆಸುಪಾಸು ಆಗಿರಬೇಕು. ಹೆಚ್ಚಿನ ರಸೀದಿಗಳು ಕಡತದಲ್ಲಿವೆ, ಲಾಡ್ಜಿನವನು ಮಾತ್ರ ಕೊಡಲಿಲ್ಲ.

ಸಂದರ್ಶನ 2024ರ ಬೇಸಿಗೆಯ ಆರಂಭದಲ್ಲಿ ಬಂತು, ವೀಸಾ ಸಿಆರ್-1, ಅಂದರೆ ಷರತ್ತಿನ ವರ್ಗ, ಎಂದು ಅಚ್ಚಾಯಿತು. ಎಲ್ಲರೂ ಕೂಡಲೇ ಹೊರಡಿಸಿ ಎಂದರು; ನಾನು ಟಿಕೆಟು ಮಾಡಿಸಲಿಲ್ಲ. ಪ್ರವೇಶದ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡ್ ಸಿಗುತ್ತದೆ, ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ 750 ಡಾಲರ್ ಕಟ್ಟಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕಾಗುತ್ತದೆ. ತುಂಬಿದ್ದರೆ ನೇರ ಹತ್ತು ವರ್ಷದ ಕಾರ್ಡ್. ವೀಸಾದ ಸಿಂಧುತ್ವ ಇನ್ನೂ ಉಳಿದಿತ್ತು. ಎರಡನೆಯ ವಾರ್ಷಿಕೋತ್ಸವ ನಮ್ಮ ಮನೆಯಲ್ಲಿಯೇ ಹೋಳಿಗೆಯೂಟದೊಡನೆ ನಡೆದ ನಂತರವೇ ಮಗಳು ವಿಮಾನ ಹತ್ತಿದಳು. ಮದುವೆ ನೋಂದಣಿ ಪತ್ರವನ್ನು ಕೈಚೀಲದಲ್ಲಿ ಮೇಲೆಯೇ ಇಟ್ಟುಕೊಂಡು, ಎರಡು ವರ್ಷ ತುಂಬಿದೆಯೆಂದು ಅಧಿಕಾರಿಗೆ ತಾನಾಗಿಯೇ ಹೇಳುವಂತೆ ಕಲಿಸಿದ್ದೆ. ಅವರು ದಿನಾಂಕ ನೋಡಿ ಐಆರ್-1, ಅಂದರೆ ಷರತ್ತಿಲ್ಲದ ವರ್ಗ, ಎಂದು ಬರೆದರು. ಹಾಗೆ ಬರೆಯದಿದ್ದರೆ ಕೌಂಟರ್ ಬಿಡುವ ಮೊದಲೇ ಕೇಳಿ ಸರಿಪಡಿಸಿಕೊಳ್ಳಬೇಕು, ಕಾರ್ಡ್ ಅಚ್ಚಾದ ಮೇಲಿನ ತಿದ್ದುಪಡಿಗೆ ಮತ್ತೆ ತಿಂಗಳುಗಳು ಹಿಡಿಯುತ್ತವೆ.