‘ಏನೂ ಆಗಲ್ಲ ಬಿಡಿ’ ಅಂತ ನಾನು ಯಾಕೆ ಹೇಳುವುದಿಲ್ಲ

ಗೀಳು ಕಾಯಿಲೆಗೆ, ಅಂದರೆ ಓಸಿಡಿಗೆ, ಥೆರಪಿ ಮಾಡುವಾಗ ನನಗೆ ಇವತ್ತಿಗೂ ಅತಿ ಕಷ್ಟ ಅನ್ನಿಸುವುದು ಸಮಾಧಾನ ಹೇಳದೆ ಕೂರುವುದು. ಎದುರಿಗೆ ಕೂತವರು ನಡುಗುತ್ತಾ ‘ಮೇಡಂ, ಏನೂ ಆಗಲ್ಲ ಅಲ್ವಾ? ಒಂದೇ ಒಂದ್ಸಲ ಹೇಳಿಬಿಡಿ’ ಅನ್ನುತ್ತಾರೆ. ಮಾತು ನಾಲಿಗೆ ತುದಿಗೆ ಬಂದಿರುತ್ತದೆ. ಆದರೂ ಹೇಳುವುದಿಲ್ಲ.

ನಾನು ಬೆಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಇಲ್ಲಿರುವುದು ಯಾರೋ ಒಬ್ಬರ ಕತೆಯಲ್ಲ, ಹಲವರ ಅನುಭವ ಬೆರೆಸಿ ಗುರುತು ಸಿಗದ ಹಾಗೆ ಬದಲಿಸಿದ್ದೇನೆ.

ಓಸಿಡಿ ನಡೆಯುವ ರೀತಿ ಹೀಗೆ. ಬೇಡದ ಯೋಚನೆಯೊಂದು ಬರುತ್ತದೆ: ಕೈಗೆ ಕೊಳೆ ಅಂಟಿದೆ, ಗ್ಯಾಸ್ ಆಫ್ ಮಾಡಿಲ್ಲ, ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ? ಆತಂಕ ಏರುತ್ತದೆ. ತೊಳೆದರೆ, ಹೋಗಿ ನೋಡಿ ಬಂದರೆ, ಯಾರನ್ನಾದರೂ ಕೇಳಿದರೆ ಅದು ಇಳಿಯುತ್ತದೆ. ತೊಳೆದಿದ್ದಕ್ಕೇ ಬದುಕಿಕೊಂಡೆ ಅಂತ ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಜಾಸ್ತಿ ತೊಳೆಯಬೇಕು ಅನ್ನಿಸುತ್ತದೆ. ನಾನು ‘ಏನೂ ಆಗಲ್ಲ’ ಅಂದರೆ ಅದೂ ಒಂದು ಸಲ ಕೈ ತೊಳೆಸಿದ ಹಾಗೇ. ಸ್ವಲ್ಪ ಹೊತ್ತಿನಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ.

ನಾನು ಬಳಸುವ ವಿಧಾನದ ಹೆಸರು ಇಆರ್‌ಪಿ, ಅಂದರೆ ‘ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್’. ಭಯ ತರಿಸುವುದನ್ನು ಬೇಕೆಂದೇ ಎದುರಿಸುವುದು (ಇದೇ ಎಕ್ಸ್‌ಪೋಶರ್), ಆಮೇಲೆ ತೊಳೆಯದೆ, ಪರೀಕ್ಷಿಸದೆ, ಕೇಳದೆ ಇರುವುದು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಅನ್ನುವ ಸೈಕಾಲಜಿಸ್ಟ್ ಇದರ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದರು. ಅವರ ರೋಗಿಗಳು ಆಸ್ಪತ್ರೆಯಲ್ಲೇ ಇದ್ದರು, ನರ್ಸ್‌ಗಳು ನಿಗಾ ಇಟ್ಟಿದ್ದರು. ನನ್ನ ಹತ್ತಿರ ಬರುವವರು ಸೆಷನ್ ಮುಗಿಸಿ ಮನೆಗೆ ಹೋಗುತ್ತಾರೆ. ಅಲ್ಲಿ ಅಮ್ಮ ಇದ್ದಾರೆ, ಗಂಡ ಇದ್ದಾರೆ, ನಲ್ಲಿ ಇದೆ. ಯಾರನ್ನೂ ಬಲವಂತವಾಗಿ ತಡೆಯುವಂತಿಲ್ಲ, ತಡೆಯಲೂಬಾರದು. ಒಪ್ಪಿಗೆ ಇಲ್ಲದ ಎಕ್ಸ್‌ಪೋಶರ್ ಸುಮ್ನೆ ಹಿಂಸೆ.

ಮೊದಲು ಇಬ್ಬರೂ ಕೂತು ಪಟ್ಟಿ ಮಾಡುತ್ತೇವೆ. ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದರೆ ಸೊನ್ನೆಯಿಂದ ನೂರರಲ್ಲಿ ಆತಂಕ ಎಷ್ಟು? ಹಳೇ ನೋಟು ಮುಟ್ಟಿದರೆ? ಮುಸುರೆ ತಟ್ಟೆ? ಬೇರೆಯವರ ಚಪ್ಪಲಿ? 40ರ ಆಸುಪಾಸಿನದ್ದರಿಂದ ಶುರು. ಮುಟ್ಟುವ ಮೊದಲು ಏನಾಗಬಹುದು ಅಂತ ಅವರ ಕೈಯಲ್ಲೇ ಬರೆಸುತ್ತೇನೆ, ‘ತಡೆಯೋಕಾಗಲ್ಲ, ಹುಚ್ಚು ಹಿಡಿಯುತ್ತೆ’ ಅಂತಲೂ ಬರೆಯುತ್ತಾರೆ, ಪರವಾಗಿಲ್ಲ. ಆಮೇಲೆ ಆ ಚೀಟಿ ತೆಗೆದು ಓದುತ್ತೇವೆ. ಆತಂಕ ಸೊನ್ನೆಗೆ ಬರಲೇಬೇಕು ಅಂತ ನಾನು ಕಾಯುವುದಿಲ್ಲ. ಆತಂಕ ಇಟ್ಟುಕೊಂಡೇ ಕೂತಿದ್ದರಲ್ಲ, ಅದು ಅವರಿಗೆ ಕಾಣಬೇಕು.

ಕೆಲವರು ವಸ್ತು ಮುಟ್ಟಿಯೂ ಆರಾಮಾಗಿ ಕೂತಿರುತ್ತಾರೆ. ಆತಂಕ ಅಷ್ಟು ಬೇಗ ಇಳಿದರೆ ನಾನು ಖಂಡಿತ ಕೇಳುತ್ತೇನೆ: ‘ಒಳಗೇ ಏನಾದರೂ ಹೇಳಿಕೊಳ್ತಿದ್ದೀರಾ?’ ಎಷ್ಟೋ ಸಲ ಹೌದು. ಮನಸ್ಸಿನಲ್ಲೇ ರಾಮನಾಮ, ಇಲ್ಲ ಲೆಕ್ಕ, ಇಲ್ಲ ‘ಮನೆಗೆ ಹೋಗಿ ಸ್ನಾನ ಮಾಡ್ತೀನಿ’ ಅನ್ನುವ ಒಪ್ಪಂದ. ಕಣ್ಣಿಗೆ ಕಾಣದ ಇವೂ ತೊಳೆಯುವುದಕ್ಕೆ ಸಮ. ಇದನ್ನು ಹಿಡಿಯದೆ ಮುಂದೆ ಹೋದರೆ ತಿಂಗಳುಗಟ್ಟಲೆ ಸೆಷನ್ ನಡೆದರೂ ಪ್ರಯೋಜನ ಇಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು ಮಡಿ. ಯಾವುದು ಆಚಾರ, ಯಾವುದು ಗೀಳು? ನಾನು ನಂಬಿಕೆಯನ್ನು ಪ್ರಶ್ನಿಸಲು ಹೋಗುವುದಿಲ್ಲ, ಅದು ನನ್ನ ಕೆಲಸವೂ ಅಲ್ಲ. ಮನೆಯಲ್ಲಿ ಮಡಿ ಮಾಡುವ ಹಿರಿಯರು ಹೇಗೆ ಮಾಡುತ್ತಾರೆ ಅಂತ ಕೇಳುತ್ತೇನೆ. ಅತ್ತೆ ಸ್ನಾನ ಮುಗಿಸಿ, ಮಡಿ ಸೀರೆ ಉಟ್ಟು, ಪೂಜೆ ಮಾಡಿ, ಅಡುಗೆಗೂ ಇಟ್ಟಿರುತ್ತಾರೆ. ಸೊಸೆ ಇನ್ನೂ ಬಚ್ಚಲಲ್ಲೇ ಇರುತ್ತಾಳೆ, ಕೈ ಚರ್ಮ ಬಿರಿದಿರುತ್ತದೆ, ಪೂಜೆ ತಪ್ಪಿಹೋಗಿರುತ್ತದೆ. ಇಷ್ಟು ಹೇಳಿದರೆ ಜಾಸ್ತಿ ಜನಕ್ಕೆ ತಾವೇ ಅರ್ಥವಾಗುತ್ತದೆ. ಸಂದೇಹ ಇದ್ದರೆ ಅವರು ಗೌರವಿಸುವ ಹಿರಿಯರನ್ನು ಒಂದು ಸಲ ಕೇಳಲಿ. ಎರಡನೇ ಸಲ ಕೇಳುವುದು ಗೀಳು. ದೇವರ ಮುಂದೆ ನಿಂತಾಗಲೇ ಅಸಹ್ಯದ ಯೋಚನೆ ಬರುವವರೂ ಇದ್ದಾರೆ, ನಾಚಿಕೆಯಿಂದ ಯಾರಿಗೂ ಹೇಳದೆ ವರ್ಷಗಟ್ಟಲೆ ಒಳಗೇ ಬೇಯುತ್ತಾರೆ. ಅವರಿಗೆ ಮಾತ್ರ ಮೊದಲ ದಿನವೇ ಹೇಳುತ್ತೇನೆ: ಇದು ಈ ಕಾಯಿಲೆಯಲ್ಲಿ ಬರುವಂಥದ್ದೇ, ನಿಮ್ಮ ಗುಣ ಅಲ್ಲ. ಕಾಯಿಲೆ ಏನು ಅಂತ ತಿಳಿಸುವುದು ಬೇರೆ, ಕೇಳಿದಾಗಲೆಲ್ಲಾ ಸಮಾಧಾನ ಹೇಳುವುದು ಬೇರೆ.

ಮನೆಯವರದ್ದು ದೊಡ್ಡ ಪಾತ್ರ. ಪ್ರೀತಿಯಿಂದಲೇ ಡಬಲ್ ಸೋಪು ತರುತ್ತಾರೆ, ಹೊರಗಿಂದ ಬಂದ ತಕ್ಷಣ ಬಟ್ಟೆ ಬದಲಾಯಿಸುತ್ತಾರೆ, ಆಫೀಸಿನಿಂದ ಫೋನ್ ಬಂದರೆ ‘ಹೂಂ, ಬೀಗ ಹಾಕಿದೆ’ ಅನ್ನುತ್ತಾರೆ. ಅವರನ್ನು ಕ್ಲೈಂಟ್ ಒಪ್ಪಿದ ಮೇಲೆ ಮಾತ್ರ ಕರೆಸುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೌಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ, ಆದರೂ ಭಾವ, ಮಾವ, ಚಿಕ್ಕಪ್ಪ ಎಲ್ಲರೂ ಫೋನ್ ಮಾಡಿ ‘ಏನಾಗಿದೆ ಹುಡುಗನಿಗೆ’ ಅಂತ ಕೇಳುತ್ತಾರೆ. ಅವರ ಕಾಳಜಿ ನಿಜ. ಉತ್ತರ ಮಾತ್ರ ಕೊಡುವುದಿಲ್ಲ.

ಮನೆಯವರು ಇದನ್ನೆಲ್ಲಾ ಒಂದೇ ದಿನ ನಿಲ್ಲಿಸಿದರೆ ಮನೆ ರಣರಂಗವಾಗುತ್ತದೆ. ಒಂದೊಂದಾಗಿ ಬಿಡಬೇಕು, ಯಾವುದನ್ನು ಬಿಡುವುದು ಅಂತ ಕ್ಲೈಂಟೇ ಆರಿಸಬೇಕು. ಅಮ್ಮಂದಿರಿಗೆ ಒಂದು ಮಾತು ಹೇಳಿಕೊಡುತ್ತೇನೆ: ‘ಇದು ಗೀಳು ಕೇಳ್ತಿರೋ ಪ್ರಶ್ನೆ ಅನ್ಸುತ್ತೆ ಕಂದಾ. ಉತ್ತರ ಹೇಳಲ್ಲ, ಜೊತೆಗೆ ಕೂತಿರ್ತೀನಿ.’ ಬೈಯುವುದು ಬೇಡ, ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವುದಂತೂ ಬೇಡವೇ ಬೇಡ. ನಾನು ಹೇಳುವುದೂ ಇದೇ ಥರ: ‘ಗ್ಯಾರಂಟಿ ಕೊಡಕ್ಕಾಗಲ್ಲ. ಕೂತು ನೋಡೋಣ.’

ಕಾಯಿಲೆ ತೀವ್ರವಾಗಿದ್ದರೆ ಮಾತ್ರೆಯೂ ಬೇಕು, ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಆ ಮಾತ್ರೆಗಳ ಪರಿಣಾಮ ಸರಿಯಾಗಿ ಕಾಣಲು 8ರಿಂದ 12 ವಾರ ಹಿಡಿಯುತ್ತದೆ, ಎರಡೇ ವಾರಕ್ಕೆ ‘ಕೆಲಸ ಮಾಡ್ತಿಲ್ಲ’ ಅಂತ ಬಿಡುವವರು ತುಂಬಾ. ಸುಧಾರಣೆ ಅಳೆಯಲು ವೈ-ಬಾಕ್ಸ್ ಅನ್ನುವ 40 ಅಂಕದ ಅಳತೆ ಬಳಸುತ್ತೇವೆ. ಅದರಲ್ಲಿ ಶೇ. 35ರಷ್ಟು ಇಳಿದರೆ ಚಿಕಿತ್ಸೆ ಫಲ ಕೊಟ್ಟಿದೆ ಅಂತ ಸಾಮಾನ್ಯವಾಗಿ ಲೆಕ್ಕ. ಅಂದರೆ ಒಂದಷ್ಟು ಉಳಿದೇ ಇರುತ್ತದೆ, ಇದನ್ನು ಶುರುವಿನಲ್ಲೇ ಹೇಳುವುದು ಒಳ್ಳೆಯದು.

ಥೆರಪಿಸ್ಟ್ ಹುಡುಕುತ್ತಿದ್ದರೆ ‘ಓಸಿಡಿಗೆ ಇಆರ್‌ಪಿ ಮಾಡ್ತೀರಾ, ಹೇಗೆ ಮಾಡ್ತೀರಾ’ ಅಂತ ನೇರವಾಗಿ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತಲೂ ಕೇಳಿ, ಸಂಕೋಚ ಬೇಡ. ಬೆಂಗಳೂರಿಗೆ ಬರಲು ಆಗುವವರಿಗೆ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.